ಮನ್ಯಾಗ ಮಾಡಿದ್ದು

ಧಾರವಾಡದ ಸಪ್ತಾಪುರದಾಗ ನಂದೊಂದು ಬಾಡಿಗಿ ಖೋಲಿ. ಕಿಟಕಿಗೆ ಅವ್ವನ ಕೌದಿ ಕಟ್ಟಿ, ಫ್ಯಾನ್ ಬಂದ್ ಮಾಡಿ, ಹಾರ್ಮೋನಿಯಂ ಹಿಡಿದು ನಾಲ್ಕು ಹಾಡು ರೆಕಾರ್ಡ್ ಮಾಡಿದೆ. ಮೂರನೇದ್ರಾಗ ಹಾಲಿನವನ ಸೈಕಲ್ ಗಂಟಿ ಕೇಳಸ್ತದ. ತೆಗೀಲಿಲ್ಲ, ಅದೂ ನಮ್ಮ ಓಣಿಯ ದನೀನ. ಕಂಪನಿಯೊಂದು ‘ಇದು ಓಡಂಗಿಲ್ರೀ’ ಅಂದಾಗ ಎರಡು ದಿನ ರೊಟ್ಟಿ ಗಂಟಲಾಗ ಇಳೀಲಿಲ್ಲ.

ಧೈರ್ಯ ಕೊಟ್ಟವರು ಬ್ರೆಜಿಲ್‌ನ ಆಂಟೋನಿಯೊ ಅಡಾಲ್ಫೊ. 1947ರಾಗ ರಿಯೊ ಡಿ ಜನೈರೊದಾಗ ಹುಟ್ಟಿದ ಪಿಯಾನೊ ವಾದಕರು. ಹಾಡು ಕಟ್ಟಿ ಹೆಸರು ಮಾಡಿದ್ರೂ ಕಂಪನಿಗಳು ಅವರ ವಾದ್ಯಸಂಗೀತ ಬ್ಯಾಡಂದ್ವು. 1977ರಾಗ ತಾವ ರೆಕಾರ್ಡ್ ತಂದ್ರು, ಅಂಗಡಿಗೋಳಿಗೆ ತಾವ ಒಯ್ದು ಮಾರಿದ್ರು. ಹೆಸರು ‘ಫೇಯ್ತು ಎಂ ಕಾಜಾ’, ಮನ್ಯಾಗ ಮಾಡಿದ್ದು! ಅಲ್ಲಿಯ ಸ್ವತಂತ್ರ ಕಲಾವಿದರಿಗೆ ದಾರಿ ತೆರೆದದ್ದು ಅದು.

ನಾಳೆ ನಾನೂ ಸುಭಾಸ ರೋಡಿನ ಅಂಗಡಿಗೋಳಿಗೆ ಹೊಂಟೀನಿ, ಚೀಲದಾಗ 20 ಪೆನ್‌ಡ್ರೈವ್.