ಆರು ತಿಂಗಳಿದ್ದ ಊರಿನಿಂದ ಇನ್ನೂ ಯಾಕೆ ಕಾರ್ಡು ಬರುತ್ತದೆ?

ನಮ್ಮ ಮನೆಯಲ್ಲಿ ಟೀವಿ ಪಕ್ಕ ಒಂದು ತಗಡಿನ ಡಬ್ಬ ಇದೆ. ಬಂದವರು ಚಕ್ಕುಲಿ ಇರಬಹುದು ಅಂತ ಮುಚ್ಚಳ ತೆಗೆಯುತ್ತಾರೆ. ಒಳಗೆ ಇರುವುದು ಪೋಸ್ಟ್ ಕಾರ್ಡುಗಳು. ಒಟ್ಟು 61. ಎಲ್ಲವೂ ಜಪಾನಿನಿಂದ ಬಂದವು. ಮುಚ್ಚಳ ತೆಗೆದವರು ಸುಮ್ನೆ ಇರುವುದಿಲ್ಲ. "ಆರು ತಿಂಗಳು ಇದ್ದು ಬಂದ ದೇಶ. ಹದಿಮೂರು ವರ್ಷ ಆಯ್ತು. ಕೈಯಲ್ಲಿ ವಾಟ್ಸಾಪ್ ಇದೆ. ಇನ್ನೂ ಈ ಕಾರ್ಡಿನ ವ್ಯವಹಾರ ಯಾಕೆ?" ಮಾತು ಹೆಚ್ಚುಕಮ್ಮಿ ಇದೇ ಇರುತ್ತದೆ. ಮಾರಿದರೆ ಎಷ್ಟು ಸಿಗುತ್ತದೆ ಅಂತ ಕೇಳುವವರೂ ಇದ್ದಾರೆ. ಏನೂ ಸಿಗಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಉಳಿದ ಪ್ರಶ್ನೆಗೆ ಇಷ್ಟು ದಿನ ನಕ್ಕು ಸುಮ್ಮನಾಗುತ್ತಿದ್ದೆ. ಈಗ ಬರೆದೇಬಿಡೋಣ ಅನ್ನಿಸಿತು.

2012ರ ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ ಕೆಲಸದ ತರಬೇತಿಗೆ ಅಂತ ನಾನು ಒಕಾಜಾಕಿಯಲ್ಲಿದ್ದೆ. ಐಚಿ ಪ್ರಾಂತ್ಯದ ಊರು, ನಗೊಯಾದಿಂದ ರೈಲಿನಲ್ಲಿ ಅರ್ಧ ಗಂಟೆ. ಜಪಾನನ್ನು ಎರಡೂವರೆ ಶತಮಾನಕ್ಕೂ ಹೆಚ್ಚು ಆಳಿದ ತೊಕುಗಾವಾ ಮನೆತನದ ಮೂಲಪುರುಷ ಇಯೆಯಾಸು 1543ರಲ್ಲಿ ಹುಟ್ಟಿದ್ದು ಅಲ್ಲಿಯ ಕೋಟೆಯಲ್ಲಿ. ಕೋಟೆಯಿಂದ ಪಶ್ಚಿಮಕ್ಕೆ ಎಂಟು 'ಚೊ', ಅಂದರೆ ಸುಮಾರು 870 ಮೀಟರ್ ನಡೆದರೆ ಮಿಸೊ ಅನ್ನುವ, ಸೋಯಾ ಕಾಳು ಹುದುಗಿಸಿದ ಗೊಜ್ಜು ಮಾಡುವ ಜಾಗ. ಆ ಅಳತೆಯಿಂದಲೇ ಅದಕ್ಕೆ ಹಚ್ಚೊ ಮಿಸೊ ಅಂತ ಹೆಸರು. ಆಳೆತ್ತರದ ಮರದ ಪೀಪಾಯಿಯಲ್ಲಿ ಬೇಯಿಸಿದ ಸೋಯಾ ಕಾಳಿನ ಮುದ್ದೆ ತುಂಬಿ, ಮೇಲೆ ನದಿಯ ಕಲ್ಲುಗಳನ್ನು ಗೋಪುರದ ಹಾಗೆ ಪೇರಿಸಿ ಎರಡು ವರ್ಷಕ್ಕೂ ಜಾಸ್ತಿ ಬಿಡುತ್ತಾರೆ. ಮೊದಲ ವಾರ ಆ ವಾಸನೆಗೆ ಮೂಗು ಮುಚ್ಚಿಕೊಂಡಿದ್ದೆ. ವಾಪಸ್ ಬರುವಾಗ ಅದನ್ನೇ ಒಂದು ಕೇಜಿ ತಂದೆ.

ಅಲ್ಲಿ ನನಗೆ ಹತ್ತಿರವಾದವರು ನಾಲ್ಕೇ ಜನ. ಮಷಿನ್ ಕಲಿಸಿದ ಮೇಷ್ಟ್ರು. ಪಕ್ಕದಲ್ಲಿ ನಿಂತು ಕೆಲಸ ಮಾಡುತ್ತಿದ್ದ, ನನ್ನದೇ ವಯಸ್ಸಿನ ಹುಡುಗ. ಭಾನುವಾರ ಪುಕ್ಕಟೆಯಾಗಿ ಜಪಾನೀ ಹೇಳಿಕೊಡುತ್ತಿದ್ದ ಟೀಚರ್. ಮತ್ತೆ ಕೆಳಗಿನ ಮನೆಯ ಅಜ್ಜಿ. ಹೊರಡುವಾಗ ನಾಲ್ವರೂ ವಿಳಾಸ ಬರೆಸಿಕೊಂಡರು. ಶಿಷ್ಟಾಚಾರಕ್ಕೆ ಅಂದುಕೊಂಡಿದ್ದೆ.

2013ರ ಜನವರಿ, ಸಂಕ್ರಾಂತಿಯ ಮಾರನೇ ದಿನ. ಪೋಸ್ಟ್‌ಮ್ಯಾನ್ ನಾಲ್ಕು ಕಾರ್ಡು ಒಟ್ಟಿಗೆ ಕೊಟ್ಟುಹೋದ. ಮೂರರಲ್ಲಿ ಹಾವಿನ ಚಿತ್ರ! ಅಮ್ಮ ಎಳ್ಳುಬೆಲ್ಲದ ತಟ್ಟೆ ಹಿಡಿದುಕೊಂಡೇ ನಿಂತುಬಿಟ್ಟರು. "ವರ್ಷಾರಂಭಕ್ಕೆ ಯಾರಾದ್ರೂ ಹಾವು ಕಳಿಸ್ತಾರೇನೋ?"

ಅವು ನೆಂಗಾಜೊ, ಜಪಾನಿನ ಹೊಸ ವರ್ಷದ ಕಾರ್ಡುಗಳು. ಅಲ್ಲಿ ಹನ್ನೆರಡು ಪ್ರಾಣಿಗಳ ಚಕ್ರ ಇದೆ, ನಮ್ಮ ಸಂವತ್ಸರಗಳ ಹಾಗೆ. 2013 ಹಾವಿನ ವರ್ಷ, ಅದಾದ ಮೇಲೆ ಕುದುರೆ, ಕುರಿ, ಕೋತಿ. ಡಿಸೆಂಬರ್ 25ರ ಒಳಗೆ ಪೋಸ್ಟ್ ಮಾಡಿದ ಕಾರ್ಡುಗಳನ್ನೆಲ್ಲ ಅಂಚೆಯವರು ಹಿಡಿದಿಟ್ಟುಕೊಂಡು, ಜನವರಿ 1ರ ಬೆಳಗ್ಗೆ ಮನೆಮನೆಗೆ ಕಟ್ಟು ಕಟ್ಟಾಗಿ ಹಂಚುತ್ತಾರೆ. ಅದಕ್ಕಾಗಿ ಹೈಸ್ಕೂಲು ಮಕ್ಕಳನ್ನೂ ಕೆಲಸಕ್ಕೆ ತೆಗೆದುಕೊಳ್ಳುತ್ತಾರೆ. ನನ್ನ ಪಕ್ಕದ ಹುಡುಗನೂ ಹಾಗೆ ಸೈಕಲ್ ತುಳಿದು ಮೊದಲ ಸಂಬಳ ತೆಗೆದುಕೊಂಡವನು.

ಮೇಷ್ಟ್ರ ಕಾರ್ಡಿನಲ್ಲಿದ್ದದ್ದು ಬಿಳೀ ಹಾವು. ಅದು ಬೆಂಜೈತೆನ್ ದೇವಿಯ ದೂತ, ಮನೆಗೆ ಬಂದರೆ ದುಡ್ಡು ಬರುತ್ತದೆ ಅಂತ ಅಲ್ಲಿಯವರ ನಂಬಿಕೆ. ಬೆಂಜೈತೆನ್ ಅಂದರೆ ಬೇರೆ ಯಾರೂ ಅಲ್ಲ, ಬೌದ್ಧರ ಜೊತೆ ಚೀನಾ ದಾಟಿ ಹೋದ ನಮ್ಮ ಸರಸ್ವತಿ. ವೀಣೆಯ ಬದಲು ಕೈಯಲ್ಲಿ ಬಿವಾ ಅನ್ನುವ ತಂತಿವಾದ್ಯ. ಇದನ್ನು ಹೇಳಿದ್ದೇ ತಡ, ಅಮ್ಮ ಕಾರ್ಡು ಕಿತ್ತುಕೊಂಡು ದೇವರ ಮನೆಯಲ್ಲಿ ಸುಬ್ರಹ್ಮಣ್ಯನ ಫೋಟೋ ಪಕ್ಕ ನಿಲ್ಲಿಸಿದರು. ಅದರ ಮೂಲೆಯಲ್ಲಿ ಇವತ್ತಿಗೂ ಅರಿಶಿನದ ಬೆರಳಚ್ಚು ಇದೆ.

ಕಾರ್ಡನ್ನು ಹತ್ತಿರ ಹಿಡಿದು ನೋಡಿದರೆ ಇನ್ನೂ ಏನೇನೋ ಸಿಗುತ್ತದೆ. 2015ರ ಕುರಿ ಕಾರ್ಡಿನ ಮೇಲೆ ಮೊದಲೇ ಅಚ್ಚಾದ 52 ಯೆನ್ ಅಂಚೆಚೀಟಿ ಇದೆ. ಪಕ್ಕದಲ್ಲಿ 18 ಯೆನ್‌ನ ಪುಟ್ಟ ಚೀಟಿ ಅಂಟಿಸಿದ್ದಾರೆ. ವಿದೇಶಕ್ಕೆ ಆಗ 70 ಯೆನ್. ಕಡಿಮೆ ಬೀಳುವ ಆ 18 ಯೆನ್‌ಗೆ ಅಂತಲೇ ಬೇರೆ ಚೀಟಿ ಅಚ್ಚು ಹಾಕಿದ್ದರು! ಕೆಳಗಿನ ಅಂಚಿನಲ್ಲಿ ಒಂದು ನಂಬರು ಇರುತ್ತದೆ. ಅದು ಲಾಟರಿ. 1949ರ ಕೊನೆಯಲ್ಲಿ ಶುರುವಾದದ್ದು, ಪ್ರತಿ ಜನವರಿಯಲ್ಲಿ ಎತ್ತುತ್ತಾರೆ. ಕೊನೆಯ ಎರಡು ಅಂಕಿ ಕೂಡಿಬಂದರೆ ಅಂಚೆಚೀಟಿಗಳ ಒಂದು ಹಾಳೆ ಬಹುಮಾನ. ನನಗೂ ಒಂದು ಸಲ ಹೊಡೆಯಿತು. ಆದರೆ ಕಾರ್ಡನ್ನೇ ಹಿಡಿದುಕೊಂಡು ಹೋಗಿ ಜಪಾನಿನ ಅಂಚೆ ಕಚೇರಿಯಲ್ಲೇ ಇಸಿದುಕೊಳ್ಳಬೇಕು. "ವಾಪಸ್ ಕಳಿಸಿ, ನಾನು ತೆಗೆದುಕೊಡುತ್ತೇನೆ" ಅಂದರು ಟೀಚರ್. ಕಾರ್ಡು ಕಳಿಸಿ ಚೀಟಿ ತರಿಸಿಕೊಳ್ಳುವುದಾ? ಬೇಡ ಅಂದೆ.

ಈ ಟೀಚರ್ ವಿಷಯ ಹೇಳಲೇಬೇಕು. ವಿಳಾಸವನ್ನು ಕನ್ನಡದಲ್ಲಿ ಬರೆಯುವುದು ಅವರ ಹಟ. ನಾನು ಬರೆದುಕೊಟ್ಟ ಚೀಟಿ ನೋಡಿ ಬರೆಯುತ್ತಾರೆ. ಬರೆಯುತ್ತಾರೆ ಅನ್ನುವುದಕ್ಕಿಂತ ಚಿತ್ರ ಬಿಡಿಸುತ್ತಾರೆ ಅನ್ನಬೇಕು. 'ಮೈಸೂರು' ಅನ್ನುವುದರಲ್ಲಿ 'ಮೈ' ದಪ್ಪ, 'ಸೂ'ಗೆ ಬಾಲ ಉದ್ದ, 'ರು' ಕೊನೆಗೆ ಜಾಗ ಸಾಲದೆ ಮುದುಡಿಕೊಂಡು ಕೂತಿರುತ್ತದೆ. ಮೊದಲ ವರ್ಷ ಪೋಸ್ಟ್‌ಮ್ಯಾನ್ ಕೇಳಿದ: "ಯಾವ್ ಕ್ಲಾಸ್ ಮಗು ಸಾರ್ ಬರ್ದಿರೋದು?" ಅರವತ್ತು ದಾಟಿದ ಮೇಡಂ ಅಂದೆ, ಅವನು ನಂಬಲಿಲ್ಲ. ಕೆಳಗೆ ಇಂಗ್ಲಿಷಿನಲ್ಲಿ 'ಇಂಡಿಯಾ' ಮತ್ತು ಪಿನ್‌ಕೋಡ್ ಇರುವುದರಿಂದ ಕಾರ್ಡು ತಪ್ಪದೆ ಬರುತ್ತದೆ. ಹತ್ತು ವರ್ಷಗಳ ಕಾರ್ಡನ್ನು ಸಾಲಾಗಿ ಇಟ್ಟರೆ 'ರು' ನಿಧಾನಕ್ಕೆ ನೆಟ್ಟಗಾಗುತ್ತಾ ಬಂದಿರುವುದು ಕಾಣುತ್ತದೆ.

ವಾಟ್ಸಾಪ್ ಮಾತಿಗೆ ಬರುತ್ತೇನೆ. ಅಲ್ಲಿ ಎಲ್ಲರೂ ಬಳಸುವುದು ಲೈನ್ ಅನ್ನುವ ಆ್ಯಪ್. 2013ರಲ್ಲಿ ನಾವೂ ಒಂದು ಗ್ರೂಪ್ ಮಾಡಿಕೊಂಡೆವು. ಮೊದಲ ತಿಂಗಳು ಕರಡಿ, ಮೊಲಗಳ ಸ್ಟಿಕ್ಕರ್ ಸುರಿಮಳೆ. ಆಮೇಲೆ ಏನು ಮಾತಾಡುವುದು? ನನಗೆ ಬರುವ ಜಪಾನೀ ಊಟ, ಹವೆ, ಮಷಿನ್ ಇಷ್ಟಕ್ಕೆ ಮುಗಿಯಿತು. ಅವರ ಇಂಗ್ಲಿಷ್ ಅದಕ್ಕಿಂತ ಕಡಿಮೆ. ಮೆಸೇಜು ನೋಡಿದ್ದೇನೆ ಅಂತ ಅವರಿಗೆ ಗೊತ್ತಾಗುತ್ತದೆ, ಉತ್ತರ ಕೊಡದೇ ಇದ್ದರೆ ನನಗೆ ಮುಜುಗರ. ವರ್ಷ ತುಂಬುವ ಮೊದಲೇ ಗ್ರೂಪ್ ತಣ್ಣಗಾಯಿತು. ಯಾರಿಗೂ ಬೇಜಾರಿಲ್ಲ. ಕಾರ್ಡು ಮಾತ್ರ ನಿಲ್ಲಲಿಲ್ಲ.

ನನ್ನ ಉತ್ತರ ಇಲ್ಲೇ ಇದೆ. ನಮ್ಮ ಸ್ನೇಹದ ಅಳತೆಯೇ ಒಂದು ಕಾರ್ಡಿನಷ್ಟು. ಬಿಟ್ಟುಬಿಡುವಷ್ಟು ಚಿಕ್ಕದಲ್ಲ, ದಿನಾ ಮಾತಾಡುವಷ್ಟು ದೊಡ್ಡದೂ ಅಲ್ಲ. ವರ್ಷಕ್ಕೆ ಮೂರು ಸಾಲು ಸಾಕು. ಅದರಲ್ಲಿ ಎರಡು ಸಾಲು ಅಚ್ಚಾಗಿಯೇ ಬಂದಿರುತ್ತದೆ: ಹೊಸ ವರ್ಷದ ಶುಭಾಶಯ, ಈ ವರ್ಷವೂ ವಿಶ್ವಾಸ ಇರಲಿ. ಮೂಲೆಯಲ್ಲಿ ಪೆನ್ನಿನಿಂದ ಸೇರಿಸಿದ ಮೂರನೇ ಸಾಲಿಗಾಗಿ ನಾನು ಕಾಯುತ್ತೇನೆ. ಪಕ್ಕದ ಹುಡುಗನ ಹತ್ತು ವರ್ಷದ ಕಥೆ ನನಗೆ ಗೊತ್ತಾದದ್ದು ಆ ಮೂಲೆಯಿಂದಲೇ. ಮದುವೆ ಆಯಿತು. ಮಗಳು ಹುಟ್ಟಿದಳು. ಕಗಾವಾ ಪ್ರಾಂತ್ಯಕ್ಕೆ ವರ್ಗ ಆಯಿತು. ಆ ವರ್ಷ ಉಡೊನ್, ಅಂದರೆ ಅಲ್ಲಿಯ ದಪ್ಪ ಶಾವಿಗೆಯ ಬಟ್ಟಲಿನ ಆಕಾರದ ಕಾರ್ಡು ಬಂತು. ಪ್ರಾಂತ್ಯಕ್ಕೊಂದು ಆಕಾರದ ಇಂಥ ಕಾರ್ಡುಗಳು 2009ರಿಂದ ಇವೆ, ಆಯಾ ಪ್ರಾಂತ್ಯದ ಅಂಚೆ ಕಚೇರಿಯಲ್ಲೇ ಕೊಳ್ಳಬೇಕು. ಕಾರ್ಡು ಚೌಕ ಇಲ್ಲದ್ದಕ್ಕೆ ಅಂಚೆ ಖರ್ಚೂ ಜಾಸ್ತಿ. ಹೋದ ಸಲದ ಮೂಲೆಯಲ್ಲಿ "ಸೊಂಟ ನೋವು" ಅಂತ ಇತ್ತು. ನನಗೂ ಇದೆ, ಬರೆದೆ.

ಕೆಳಗಿನ ಮನೆಯ ಅಜ್ಜಿ ಮೊದಲ ದಿನ ನನ್ನ ಕಸದ ಚೀಲ ವಾಪಸ್ ತಂದುಕೊಟ್ಟವರು. ಬಾಟಲಿ ಬೇರೆ, ಅದರ ಮುಚ್ಚಳ ಬೇರೆ, ಅದಕ್ಕೆ ಸುತ್ತಿದ ಪ್ಲಾಸ್ಟಿಕ್ ಬೇರೆ ಅಂತ ಕೈಸನ್ನೆಯಲ್ಲಿ ಪಾಠ ಮಾಡಿದರು. ಮುಂದೆ ಹಿತ್ತಲಿನ ಬದನೆಕಾಯಿ ಕೊಡುವಷ್ಟು ಸಲುಗೆ ಬೆಳೆಯಿತು. ನಾನು ಅದರಲ್ಲಿ ಎಣ್ಣೆಗಾಯಿ ಮಾಡಿ ಒಂದು ಬಟ್ಟಲು ಕೊಟ್ಟೆ. ಖಾರಕ್ಕೆ ಕಣ್ಣೀರು ಸುರಿಸಿಕೊಂಡೇ ಖಾಲಿ ಮಾಡಿದರು. ಅವರು ಅಂಗಡಿಯ ಕಾರ್ಡು ಕಳಿಸುತ್ತಿರಲಿಲ್ಲ. ಕುಂಚದಿಂದ ತಾವೇ ಒಂದು ಬದನೆಕಾಯಿ ಬರೆಯುತ್ತಿದ್ದರು. ಹೊಸ ವರ್ಷದ ಮೊದಲ ಕನಸಿನಲ್ಲಿ ಫುಜಿ ಬೆಟ್ಟ, ಗಿಡುಗ ಅಥವಾ ಬದನೆಕಾಯಿ ಬಂದರೆ ಶುಭ ಅಂತ ಅಲ್ಲಿ ಗಾದೆ ಇದೆ. ನಮ್ಮ ಮೈಸೂರಿನ ಈರನಗೆರೆ ಬದನೆ ಹಸಿರು ಬಣ್ಣದ್ದು ಅಂತ ಒಂದು ಸಲ ಬರೆದಿದ್ದೆ. ಮುಂದಿನ ಜನವರಿಗೆ ಹಸಿರು ಬದನೆ ಬಂತು. ಪಕ್ಕದಲ್ಲಿ ಒಂದು ಸಾಲು: "ಇಂಥದ್ದು ನೋಡಿಲ್ಲ, ಸರಿ ಇದೆಯಾ?"

2018ರ ಡಿಸೆಂಬರ್‌ನಲ್ಲಿ, ಹೊಸ ವರ್ಷಕ್ಕೆ ಮೊದಲೇ, ಅದೇ ವಿಳಾಸದಿಂದ ಒಂದು ಕಾರ್ಡು ಬಂತು. ಬದನೆಕಾಯಿ ಇಲ್ಲ. ಬೂದು ಬಣ್ಣದ ಅಕ್ಷರ, ತೆಳ್ಳಗಿನ ಸೇವಂತಿಗೆ ಚಿತ್ರ. ಇದು ಮೊಚೂ ಹಗಾಕಿ. ಮನೆಯಲ್ಲಿ ಸಾವಾದ ವರ್ಷ ಶುಭಾಶಯ ಹೇಳುವಂತಿಲ್ಲ, ಅದನ್ನು ಮೊದಲೇ ತಿಳಿಸುವ ಕಾರ್ಡು. ಮಗಳು ಬರೆದಿದ್ದರು. ಡಿಕ್ಷನರಿ ಇಟ್ಟುಕೊಂಡು ಓದಿದೆ. ಎಲ್ಲೂ ಪೂರ್ಣವಿರಾಮ ಇರಲಿಲ್ಲ, ಅಲ್ಪವಿರಾಮವೂ ಇಲ್ಲ. ಕೈತಪ್ಪಿರಬೇಕು ಅಂದುಕೊಂಡೆ. ಆಮೇಲೆ ಟೀಚರ್ ತಿಳಿಸಿದರು, ಇಂಥ ಕಾರ್ಡಿನಲ್ಲಿ ವಿರಾಮಚಿಹ್ನೆ ಹಾಕದೇ ಇರುವುದೇ ಪದ್ಧತಿ.

ನಮ್ಮ ಕಡೆ ಸಾವಿನ ಕಾಗದ ಓದಿದ ಮೇಲೆ ಹರಿದು ಹಾಕುತ್ತಾರೆ. "ಸೂತಕದ ಕಾಗದ ಮನೇಲಿ ಇಟ್ಕೋಬಾರದು ಕಣೋ" ಅಂದರು ಅಮ್ಮ. ಹರಿಯಲು ಕೈ ಬರಲಿಲ್ಲ. ಅಮ್ಮನ ಮಾತು ಮೀರುವುದೂ ಆಗಲಿಲ್ಲ. ಆ ಕಾರ್ಡು ಈಗಲೂ ಆಫೀಸಿನ ಡ್ರಾಯರಿನಲ್ಲಿದೆ. ಹಾಗಾಗಿ ನಿಜವಾದ ಲೆಕ್ಕ 62.

ಈ ರೂಢಿ ಅಲ್ಲೂ ಇಳಿಮುಖವಾಗಿದೆ. 2004ರ ಹೊಸ ವರ್ಷಕ್ಕೆ ಸುಮಾರು 446 ಕೋಟಿ ನೆಂಗಾಜೊ ಅಚ್ಚಾಗಿದ್ದವು, ಅದೇ ಅತಿ ಹೆಚ್ಚು. 2025ಕ್ಕೆ 107 ಕೋಟಿ. 2024ರ ಅಕ್ಟೋಬರ್‌ನಲ್ಲಿ ದೇಶದೊಳಗಿನ ಕಾರ್ಡು 63 ಯೆನ್‌ನಿಂದ 85ಕ್ಕೆ ಏರಿತು. ವಿದೇಶಕ್ಕೆ ಅದಕ್ಕೂ ಮೊದಲೇ 100 ಆಗಿತ್ತು. ವಯಸ್ಸಾದವರು 'ನೆಂಗಾಜೊ-ಜಿಮಾಯಿ' ಮಾಡುತ್ತಾರೆ. ಅಂದರೆ ಕಾರ್ಡಿಗೆ ಮಂಗಳ ಹಾಡುವುದು: ಇದೇ ಕೊನೆಯ ಕಾರ್ಡು, ಮುಂದಿನ ವರ್ಷದಿಂದ ಕಳಿಸುವುದಿಲ್ಲ, ತಪ್ಪು ತಿಳಿಯಬೇಡಿ.

2025 ಮತ್ತೆ ಹಾವಿನ ವರ್ಷ. ಚಕ್ರ ಒಂದು ಸುತ್ತು ಬಂತಲ್ಲ ಅಂತ ನಾನು ಖುಷಿಯಲ್ಲಿದ್ದೆ. ಮೇಷ್ಟ್ರ ಕಾರ್ಡಿನಲ್ಲಿ ಮತ್ತೆ ಬಿಳೀ ಹಾವು, ಕೆಳಗೆ ಆ ಮಂಗಳದ ಸಾಲು. ಎಪ್ಪತ್ತೈದಾಯಿತು, ಕೈ ನಡುಗುತ್ತದೆ, ಇನ್ನು ಮುಂದೆ ಯಾರಿಗೂ ನೆಂಗಾಜೊ ಬರೆಯುವುದಿಲ್ಲ. ಜೊತೆಗೆ ಒಂದು ಈಮೇಲ್ ವಿಳಾಸ. ನಾನು ಈಮೇಲ್ ಮಾಡಿದೆ. ಅವರು ಉತ್ತರ ಬರೆದರು. ನಾನು ಇನ್ನೊಂದು ಬರೆದೆ. ಮಾರ್ಚ್ ಹೊತ್ತಿಗೆ ಇಬ್ಬರಲ್ಲೂ ಮಾತು ಮುಗಿಯಿತು, ಲೈನ್ ಗ್ರೂಪಿನ ಹಾಗೇ.

ಏಪ್ರಿಲ್ ಕೊನೆಗೆ ಒಂದು ಪಿಕ್ಚರ್ ಕಾರ್ಡು ಬಂತು. ಒಕಾಜಾಕಿ ಕೋಟೆ, ಸುತ್ತ ಸಕುರಾ ಹೂವು. 100 ಯೆನ್ ಚೀಟಿ. ಅಕ್ಷರ ನಿಜವಾಗಿಯೂ ನಡುಗಿತ್ತು. ಶುಭಾಶಯ ಇಲ್ಲ, ಕುಶಲೋಪರಿ ಇಲ್ಲ. ಮೂಲೆಯಲ್ಲಿ ಒಂದೇ ಸಾಲು: "ಇದು ನೆಂಗಾಜೊ ಅಲ್ಲ."