ಪೇಸ್ಟ್ ಬ್ಯಾಡ್ರೀ ಅತ್ತಿ, ನೀರು ಹಾಕ್ರಿ

ಹೋದ ಏಪ್ರಿಲ್‌ನಲ್ಲಿ ಒಂದು ಸಂಜೆ ಗಿರ್ಮಿಟ್ ಜೊತೆ ಮಿರ್ಚಿ ಕರಿಯುತ್ತಿದ್ದೆ. ಹಿಟ್ಟು ಮೆತ್ತಿದ್ದ ಮೆಣಸಿನಕಾಯಿ ಕೈಜಾರಿ ಕಡಾಯಿಗೆ ಬಿತ್ತು, ಕಾದ ಎಣ್ಣೆ ಎಡಗೈ ಮಣಿಕಟ್ಟಿಗೆ ಸಿಡಿಯಿತು. ನಾನು ಗ್ಯಾಸ್ ಆರಿಸುವಷ್ಟರಲ್ಲಿ ಅತ್ತೆ ಬಚ್ಚಲಿನಿಂದ ಪೇಸ್ಟ್ ಹಿಡಿದುಕೊಂಡು ಓಡಿ ಬಂದಿದ್ದರು. 'ಪೇಸ್ಟ್ ಬ್ಯಾಡ್ರೀ ಅತ್ತಿ, ನೀರು ಹಾಕ್ರಿ' ಅಂತ ಕೂಗಿಬಿಟ್ಟೆ. ಅವರ ಮುಖ ಸಪ್ಪಗಾಯಿತು.

ನಾನು ಹಾಗೆ ಕೂಗಲು ಕಾರಣ ಇತ್ತು. ಗದಗಿನ ತವರುಮನೆಯಲ್ಲಿ ಹತ್ತು ವರ್ಷದವಳಿದ್ದಾಗ ರೊಟ್ಟಿ ಹಂಚು ಮೊಣಕೈಗೆ ತಾಗಿತ್ತು. ಅವ್ವ ಪೇಸ್ಟ್ ಬಳಿದಳು. ಬೆಳಗಾಗುವಷ್ಟರಲ್ಲಿ ಅದು ಒಣಗಿ ಗಟ್ಟಿಯಾಗಿ, ಗುಳ್ಳೆ ಒಡೆದು, ಚರ್ಮಕ್ಕೇ ಅಂಟಿಕೊಂಡಿತ್ತು. ದವಾಖಾನೆಯಲ್ಲಿ ಕಂಪೌಂಡರ್ ಅದನ್ನು ನೆನೆಸಿ ನೆನೆಸಿ ತೆಗೆದರು. ಸುಟ್ಟಾಗ ಅತ್ತಿದ್ದಕ್ಕಿಂತ ಅವತ್ತು ಜಾಸ್ತಿ ಅತ್ತೆ. ಅವ್ವನನ್ನು ದೂರುವುದಿಲ್ಲ. ಪೇಸ್ಟ್, ಇಂಕು, ತುಪ್ಪ, ಕಾಫಿ ಪುಡಿ, ಎಲ್ಲರ ಮನೆಯಲ್ಲೂ ಅದೇ ನಡೆಯುತ್ತಿತ್ತು, ಮಗುವಿನ ಮೇಲಿನ ಜೀವದಿಂದಲೇ.

ಆದರೆ ಎಣ್ಣೆ ಒರೆಸಿದ ಮೇಲೂ ಚರ್ಮದೊಳಗೆ ಬಿಸಿ ಉಳಿದಿರುತ್ತದೆ, ಅದು ಒಳಗೊಳಗೇ ಸುಡುತ್ತಲೇ ಇರುತ್ತದೆ. ಮೇಲೆ ಪೇಸ್ಟೋ ತುಪ್ಪವೋ ಮೆತ್ತಿದರೆ ಬಿಸಿಗೆ ಮುಚ್ಚಳ ಹಾಕಿದಂತೆ. ಅದನ್ನು ಹೊರಗೆ ಎಳೆಯುವುದು ಹರಿಯುವ ತಣ್ಣೀರು ಮಾತ್ರ. ಎರಡು ನಿಮಿಷ ಸಾಲದು, ಪೂರ್ತಿ 20 ನಿಮಿಷ. ತಕ್ಷಣ ಆಗದಿದ್ದರೂ ಸುಟ್ಟ 3 ಗಂಟೆಯೊಳಗೆ ಮಾಡಿದರೂ ಉಪಯೋಗ ಇದೆ. ಐಸ್ ಮಾತ್ರ ಬೇಡ. ಅದು ರಕ್ತ ಓಡಾಟ ತಗ್ಗಿಸಿ ಬೆಂದ ಚರ್ಮಕ್ಕೆ ಮತ್ತೊಂದು ಗಾಯ ಮಾಡುತ್ತದೆ.

ನಮ್ಮ ಹುಬ್ಬಳ್ಳಿ-ಧಾರವಾಡದಲ್ಲಿ 20 ನಿಮಿಷ ನಳ ಬಿಡಿ ಅಂದರೆ ಜೀವ ಚುರ್ ಅನ್ನುತ್ತದೆ. ನೀರು ಬಿಡುವ ದಿನಕ್ಕೆ ಕಾದು ಡ್ರಮ್ಮು ಕೊಡಗಳನ್ನು ತುಂಬಿಡುವ ಮನೆಗಳು ಇನ್ನೂ ಎಷ್ಟೋ ಇವೆ. ಇನ್ನೊಂದು ವಿಷಯ ಯಾರೂ ಹೇಳುವುದಿಲ್ಲ: ಬೇಸಿಗೆಯಲ್ಲಿ ಮಾಳಿಗೆ ಮೇಲಿನ ಟಾಕಿ ನೀರೇ ಬಿಸಿ ಇರುತ್ತದೆ! ನಳ ತಿರುಗಿಸಿ ಕೈ ಒಡ್ಡಿದರೆ ಉರಿ ಇನ್ನೂ ಏರುತ್ತದೆ. ಅವತ್ತು ನಮ್ಮನೆಯಲ್ಲಿ ಆಗಿದ್ದೂ ಅದೇ. ಆಮೇಲೆ ಕೆಳಗೆ ಬಕೆಟ್ ಇಟ್ಟು ಕೈ ಚಾಚಿ ಕೂತೆ, ಅತ್ತೆ ಮಣ್ಣಿನ ಹರವಿಯ ನೀರನ್ನು ತಂಬಿಗೆಯಿಂದ ಸಣ್ಣಗೆ ಸುರಿಯುತ್ತಾ ಹೋದರು. ಹರವಿ ಖಾಲಿಯಾದ ಮೇಲೆ ಅಡಿಗೆಮನೆಯ ಕೊಡದ ನೀರು. ಬಕೆಟ್‌ನಲ್ಲಿ ಬಿದ್ದದ್ದೆಲ್ಲ ಕರಿಬೇವಿನ ಗಿಡಕ್ಕೆ ಹೋಯಿತು.

ನೀರು ಹಾಕುವಾಗಲೇ ಬಳೆ, ಉಂಗುರ ತೆಗೆಯಬೇಕು. ಕೈ ಬಾತ ಮೇಲೆ ಅವು ಬರುವುದಿಲ್ಲ, ರಕ್ತ ಓಡಾಟಕ್ಕೇ ಅಡ್ಡ ಬರುತ್ತವೆ. ಬರಿಗೈ ಆಗುತ್ತದಲ್ಲ ಅಂತ ಅತ್ತೆ ಹಿಂದೆಮುಂದೆ ನೋಡಿದರು. ಎಡಗೈಯ ಹಸಿರು ಬಳೆಗಳನ್ನು ಸೋಪಿನ ನೀರಿನಿಂದ ಜಾರಿಸಿ ಬಲಗೈಗೆ ತಾವೇ ಹಾಕಿದರು. ಅಲ್ಲಿಗೆ ಮುಗಿಯಿತು.

ಗುಳ್ಳೆ ಎದ್ದರೆ ಒಡೆಯಬೇಡಿ, ಅದರ ತೊಗಲೇ ಗಾಯದ ಹೊದಿಕೆ. ನೂಲು ಬಿಡದ ಶುದ್ಧ ಬಟ್ಟೆಯನ್ನು ಸಡಿಲವಾಗಿ ಹೊದಿಸಿ. ಸುಟ್ಟಿದ್ದು ಅಂಗೈಗಿಂತ ದೊಡ್ಡದಿದ್ದರೆ, ಮುಖಕ್ಕೋ, ಕೈಬೆರಳಿಗೋ, ಪಾದಕ್ಕೋ, ಕೀಲಿಗೋ, ಗುಪ್ತಾಂಗಕ್ಕೋ ಆಗಿದ್ದರೆ, ಚರ್ಮ ಬಿಳಿಚಿದ್ದರೆ ಇಲ್ಲವೇ ಕರಕಲಾಗಿದ್ದರೆ ಮನೆಮದ್ದು ಬೇಡ. ಕರೆಂಟಿನದೋ ಆ್ಯಸಿಡ್‌ನದೋ ಆದರೂ ಅಷ್ಟೇ. ಸಣ್ಣ ಮಕ್ಕಳು, ವಯಸ್ಸಾದವರು, ಸಕ್ಕರೆ ಕಾಯಿಲೆ ಇರುವವರು ಸಣ್ಣದಿದ್ದರೂ ಡಾಕ್ಟರಿಗೆ ತೋರಿಸಲೇಬೇಕು.

ಮೆಣಸಿನಕಾಯಿ ಉರಿ ಮಾತ್ರ ಬೇರೆ ಕಥೆ. ಬ್ಯಾಡಗಿ ಕಡೆ ತೊಟ್ಟು ಬಿಡಿಸುವ ಹೆಣ್ಣುಮಕ್ಕಳಿಗೆ ಇದು ಚೆನ್ನಾಗಿ ಗೊತ್ತು. ಆ ಖಾರ ನೀರಿಗೆ ಕರಗುವುದಿಲ್ಲ, ಎಣ್ಣೆಗೆ ಕರಗುತ್ತದೆ. ಮೊದಲು ಅಡಿಗೆ ಎಣ್ಣೆ ತಿಕ್ಕಿ, ಆಮೇಲೆ ಸೋಪು ಹಚ್ಚಿ ತೊಳೆಯಿರಿ.

ಈಳಿಗೆ ಕೊಯ್ದಾಗಲೂ ನಾವು ಮಾಡುವ ತಪ್ಪು ಹೆಚ್ಚುಕಡಿಮೆ ಅದೇ, ಮೊದಲು ಅರಿಶಿನ ತುಂಬುತ್ತೇವೆ. ಶುದ್ಧ ಬಟ್ಟೆ ಇಟ್ಟು 10 ನಿಮಿಷ ಬಿಗಿಯಾಗಿ ಒತ್ತಿ ಹಿಡಿಯಿರಿ, ನಡುನಡುವೆ ಎತ್ತಿ ನೋಡಬೇಡಿ, ನೋಡಿದಾಗೆಲ್ಲ ಕಟ್ಟುತ್ತಿರುವ ರಕ್ತ ಕಿತ್ತು ಬರುತ್ತದೆ. ನಿಂತ ಮೇಲೆ ಕುಡಿಯುವ ನೀರಿನಿಂದ ತೊಳೆಯಿರಿ, ಸ್ಪಿರಿಟ್ ಸುರಿಯುವುದು ಬೇಡ. ನಿಲ್ಲದಿದ್ದರೆ, ಗಾಯ ಬಾಯಿ ಬಿಟ್ಟಿದ್ದರೆ ಹೊಲಿಗೆ ಬೇಕು. 'ಗಾಳಿಗೆ ಬಿಡು, ಒಣಗಲಿ' ಅನ್ನುವ ಮಾತೂ ಸರಿಯಲ್ಲ. 1962ರಲ್ಲೇ ಜಾರ್ಜ್ ವಿಂಟರ್ ಅನ್ನುವ ಸಂಶೋಧಕರು ಹಂದಿಗಳ ಮೇಲೆ ಪ್ರಯೋಗ ಮಾಡಿ, ಮುಚ್ಚಿ ತೇವ ಉಳಿಸಿದ ಗಾಯದ ಮೇಲೆ ಹೊಸ ಚರ್ಮ ಸುಮಾರು ಎರಡು ಪಟ್ಟು ಬೇಗ ಬರುತ್ತದೆ ಅಂತ ತೋರಿಸಿದ್ದರು. ತೆಳ್ಳಗೆ ವ್ಯಾಸಲಿನ್ ಹಚ್ಚಿ ಪಟ್ಟಿ ಕಟ್ಟಿದರೆ ಸಾಕು.

ಹೊಲದ ಗಾಯ ಇಷ್ಟು ಸಲೀಸಲ್ಲ. ನಮ್ಮಪ್ಪನ ಕಾಲಿಗೆ ಸಲಿಕೆ ತಾಗಿದಾಗ 'ಹೊಸಾ ಸಲಿಕಿ, ಜಂಗ್ ಇಲ್ಲ, ಸೂಜಿ ಯಾಕ' ಅಂದಿದ್ದರು. ಧನುರ್ವಾಯು (ಟೆಟನಸ್) ಬರುವುದು ತುಕ್ಕಿನಿಂದಲ್ಲ, ಮಣ್ಣು ಮತ್ತು ಸಗಣಿಯಲ್ಲಿರುವ ರೋಗಾಣುವಿನಿಂದ. ಎರೆಮಣ್ಣು ಮೆತ್ತಿದ ಗಾಯವಾಗಿದ್ದು, ಹಿಂದಿನ ಸೂಜಿಗೆ 5 ವರ್ಷ ದಾಟಿದ್ದರೆ ಮತ್ತೆ ಹಾಕಿಸಬೇಕು. ಸೂಜಿ ನೆನಪೇ ಇಲ್ಲ ಅನ್ನುವವರಂತೂ ಕಾಯಲೇಬಾರದು.

ನನ್ನ ಮಣಿಕಟ್ಟು ಎರಡು ವಾರದಲ್ಲಿ ಮಾಯಿತು, ಗುಲಾಬಿ ಬಣ್ಣದ ಕಲೆ ಉಳಿಯಿತು. ಅಂಥ ಹೊಸ ಚರ್ಮಕ್ಕೆ ಬಿಸಿಲು ಬಿದ್ದರೆ ಕಲೆ ಕಪ್ಪಾಗಿ ಕೂರುತ್ತದೆ, ಮತ್ತು ಅದು ಶ್ಯಾವಿಗೆ-ಸಂಡಿಗೆ ಹಾಕುವ ಕಾಲ. ಧಾರವಾಡದ ತಂಪು ಗಾಳಿ ನಂಬಿ ನಾವು ಮೋಸ ಹೋಗುತ್ತೇವೆ. ಚರ್ಮ ಸುಡುವುದು ಸೆಕೆಯಲ್ಲ, ಬಿಸಿಲಿನ ನೇರಳಾತೀತ ಕಿರಣ, ಅದನ್ನು ಗಾಳಿ ತಡೆಯುವುದಿಲ್ಲ, ತೆಳು ಮೋಡವೂ ಅಷ್ಟಾಗಿ ತಡೆಯುವುದಿಲ್ಲ. ಮೇ ಮೊದಲ ವಾರ ಮಧ್ಯಾಹ್ನ ಸೂರ್ಯ ನಮ್ಮ ನೆತ್ತಿ ಮೇಲೆ ನೆಟ್ಟಗೆ ಇರುತ್ತಾನೆ, ಆಗಸ್ಟ್ ಎರಡನೇ ವಾರ ಇನ್ನೊಮ್ಮೆ. ನೆರಳು ನಮಗಿಂತ ಗಿಡ್ಡ ಇರುವಷ್ಟು ಹೊತ್ತು ಕಿರಣ ಜೋರು ಅಂತ ತಿಳಿಯಿರಿ.

ಬಿಸಿಲು ತಡೆಯುವ ಸನ್‌ಸ್ಕ್ರೀನ್ ಕ್ರೀಮ್ ಹಚ್ಚುವವರು ಎಸ್‌ಪಿಎಫ್ (ಬಿಸಿಲು ತಡೆಯುವ ಶಕ್ತಿಯ ಅಳತೆ) 30 ಇರುವುದನ್ನು ಧಾರಾಳವಾಗಿ ಹಚ್ಚಿ, 2 ಗಂಟೆಗೊಮ್ಮೆ ಮತ್ತೆ ಹಚ್ಚಿ, ಹಸಿ ಗಾಯಕ್ಕೆ ಮಾತ್ರ ಬೇಡ. ನನಗೆ ಬಟ್ಟೆಯ ಮೇಲೆಯೇ ಹೆಚ್ಚು ನಂಬಿಕೆ. ಹಾವೇರಿ ಕಡೆ ಹೊಲಕ್ಕೆ ಹೋಗುವ ಅಕ್ಕಂದಿರು ಸೀರೆ ಮೇಲೆ ಗಂಡಸರ ತುಂಬುತೋಳಿನ ಅಂಗಿ ಹಾಕಿಕೊಂಡು ತಲೆಗೆ ಟಾವೆಲ್ ಸುತ್ತಿರುತ್ತಾರಲ್ಲ, ಅದಕ್ಕೆ ದುಡ್ಡೂ ಬೇಡ, ಬೆವರಿಗೆ ಅಳಿಸಿಯೂ ಹೋಗುವುದಿಲ್ಲ.

ಈ ಸಲ ನಾನೂ ಅತ್ತೆಯೂ ಮನೆಯವರ ಹಳೆ ಅಂಗಿ ತೊಟ್ಟು ಬೆಳಿಗ್ಗೆ 7ಕ್ಕೇ ಮಾಳಿಗೆ ಹತ್ತಿದೆವು. 9ರೊಳಗೆ ಶ್ಯಾವಿಗೆ ಹರವಿ ಮುಗಿಸಿದೆವು. ಆಮೇಲೆ ಕಾಗೆ ಓಡಿಸಲು ಕೋಲು ಹಿಡಿದು ಕೂತಿದ್ದು ಮೆಟ್ಟಿಲ ನೆರಳಿನಲ್ಲಿ, ಪಕ್ಕದಲ್ಲಿ ಹರವಿ ತುಂಬಾ ನೀರು.