ಬಾಸ್ಟನ್‌ಗೆ ಹೋದರೆ ಹಡಗಿನಿಂದ ಶುರು ಮಾಡಬೇಡಿ

ಅಮೆರಿಕದ ಬಾಸ್ಟನ್ ಇನ್ನೂ ಬ್ರಿಟಿಷರ ಆಳ್ವಿಕೆಯಲ್ಲಿದ್ದಾಗ, 1773ರಲ್ಲಿ, ತೆರಿಗೆ ವಿರೋಧಿಸಿ ಜನ ಹಡಗುಗಳಲ್ಲಿದ್ದ ಚಹಾವನ್ನು ಸಮುದ್ರಕ್ಕೆ ಎಸೆದಿದ್ದೇ ಬಾಸ್ಟನ್ ಟೀ ಪಾರ್ಟಿ. ಆ ಹೆಸರು ಕೇಳಿದ ತಕ್ಷಣ ಎಲ್ಲರೂ ಬಂದರಿನ ಹಡಗು ಮ್ಯೂಸಿಯಂಗೆ ಓಡುತ್ತಾರೆ. ನಾನೂ ಅಮ್ಮನೂ ಮೊದಲ ದಿನ ಹಾಗೇ ಮಾಡಿದೆವು. ಚಹಾ ಪೆಟ್ಟಿಗೆಗಳನ್ನು ಸಮುದ್ರಕ್ಕೆ ಎಸೆದರು ಅಂತ ಗೊತ್ತಾಯಿತು. ಯಾಕೆ ಅಷ್ಟು ಸಿಟ್ಟು ಅನ್ನೋದು ಮಾತ್ರ ಮನಸ್ಸಿಗೆ ಇಳಿಯಲಿಲ್ಲ. ಮರುದಿನ ಊರೊಳಗಿಂದ ನಡೆದುಕೊಂಡು ಬಂದೆವು, ಆಗ ಅರ್ಥವಾಯಿತು.

ಪಾರ್ಕ್ ಸ್ಟ್ರೀಟ್ ಸ್ಟೇಷನ್‌ನಲ್ಲಿ ಇಳಿಯಿರಿ. ಅಲ್ಲೇ ಹತ್ತಿರ ನೆಲದ ಮೇಲೆ ಕೆಂಪು ಗೆರೆ ಸಿಗುತ್ತದೆ, ಅದೇ ಊರಿನ ಐತಿಹಾಸಿಕ ಜಾಗಗಳನ್ನು ಜೋಡಿಸುವ ಫ್ರೀಡಂ ಟ್ರೇಲ್ ಅನ್ನೋ ನಡಿಗೆ ದಾರಿ. ಒಟ್ಟು ಸುಮಾರು 4 ಕಿ.ಮೀ. ವಯಸ್ಸಾದವರು ಜೊತೆಗಿದ್ದರೆ ಪೂರ್ತಿ ನಡೆಯೋ ಹಟ ಬೇಡ. ಗ್ರಾನರಿ ಸ್ಮಶಾನದಲ್ಲಿ, ಈ ಹೋರಾಟದ ಮುಂದಾಳು ಸ್ಯಾಮ್ಯುಯೆಲ್ ಆಡಮ್ಸ್ ಸಮಾಧಿ ನೋಡಿ ಮುಂದೆ ಹೋಗಿ, ಅಲ್ಲಿ ಟಿಕೆಟ್ ಇಲ್ಲ.

ಹಿಂದೆ ಚರ್ಚ್ ಆಗಿದ್ದ ಓಲ್ಡ್ ಸೌತ್ ಮೀಟಿಂಗ್ ಹೌಸ್‌ಗೆ ಮಾತ್ರ ಒಂದು ಗಂಟೆಯಾದರೂ ಕೊಡಿ. 1773ರ ಡಿಸೆಂಬರ್ 16ರಂದು ಸುಮಾರು 5,000 ಜನ ಸೇರಿದ್ದು ಇಲ್ಲೇ. ಚಹಾ ಇಳಿಸದೆ ಹಡಗು ವಾಪಸ್ ಹೋಗಲು ಬ್ರಿಟಿಷ್ ಸರ್ಕಾರದ ಗವರ್ನರ್ ಒಪ್ಪುತ್ತಾರಾ ಅಂತ ಸಂಜೆವರೆಗೂ ಕಾದರು. ಒಪ್ಪಲಿಲ್ಲ. ಜನ ಬಂದರಿನ ಕಡೆ ಹೊರಟರು. ಮುಂದೆ ಬ್ರಿಟಿಷ್ ಸೈನಿಕರು ಇದರೊಳಗಿನ ಬೆಂಚುಗಳನ್ನು ಕಿತ್ತು, ಕುದುರೆ ಸವಾರಿ ಕಲಿಯೋ ಜಾಗ ಮಾಡಿಕೊಂಡಿದ್ದರು. ಇದನ್ನು ಕೇಳಿದಾಗ ಅಮ್ಮನಿಗೆ ತುಂಬಾ ಬೇಜಾರಾಯಿತು. "ಪ್ರಾರ್ಥನೆ ಮಾಡೋ ಜಾಗ ಅಲ್ವಾ?" ಅಂದರು.

ಒಂದು ವಿಷಯ ತಿಳಿದುಕೊಂಡು ಹೋಗಿ. ಆ ವರ್ಷ ಬ್ರಿಟನ್ ತಂದಿದ್ದ ಹೊಸ ಚಹಾ ಕಾಯ್ದೆಯಿಂದ ಚಹಾದ ಬೆಲೆ ಏರುತ್ತಿರಲಿಲ್ಲ, ಇಳಿಯುತ್ತಿತ್ತು. ಒಂದು ಪೌಂಡ್ (ಸುಮಾರು ಅರ್ಧ ಕೆ.ಜಿ.) ಚಹಾಕ್ಕೆ 3 ಪೆನ್ಸ್ ತೆರಿಗೆ ಮಾತ್ರ ಹಾಗೇ ಉಳಿದಿತ್ತು. ತಮ್ಮವರು ಒಬ್ಬರೂ ಇಲ್ಲದ ಬ್ರಿಟಿಷ್ ಪಾರ್ಲಿಮೆಂಟ್ ತಮ್ಮ ಮೇಲೆ ತೆರಿಗೆ ಹಾಕೋದು ಹೇಗೆ ಅನ್ನೋದೇ ಅಲ್ಲಿಯ ಜನರ ಜಗಳ. ಕಾಗದಪತ್ರಗಳ ಮೇಲೆ ತೆರಿಗೆ ಹಾಕಿದ 1765ರ ಸ್ಟ್ಯಾಂಪ್ ಕಾಯ್ದೆಯಿಂದಲೂ ಅವರು ಅದನ್ನೇ ಕೇಳುತ್ತಿದ್ದರು. ಆ ಚಹಾ ಈಸ್ಟ್ ಇಂಡಿಯಾ ಕಂಪನಿಯದು. ಕೆಲವೇ ವರ್ಷಗಳ ಹಿಂದೆ, 1767ರಿಂದ 69ರವರೆಗೆ, ನಮ್ಮ ಹೈದರಾಲಿಯ ಜೊತೆ ಯುದ್ಧ ಮಾಡಿದ್ದೂ ಅದೇ ಕಂಪನಿ.

ಅಲ್ಲಿಂದ ಬಂದರಿಗೆ 15 ನಿಮಿಷದ ನಡಿಗೆ. ಗಾಳಿ ಜಾಸ್ತಿ, ಸ್ವೆಟರ್ ಇರಲಿ. ಹಡಗು ಮ್ಯೂಸಿಯಂನಲ್ಲಿ ಗೈಡ್ ಜೊತೆಗೇ ಸುತ್ತಬೇಕು, ಮೊದಲೇ ಟಿಕೆಟ್ ಬುಕ್ ಮಾಡಿ. ಹಡಗುಗಳು ಅಂದಿನವಲ್ಲ, ಅವುಗಳ ಮಾದರಿಗಳು. ಆದರೆ ಆ ರಾತ್ರಿ ಎಸೆದ 342 ಪೆಟ್ಟಿಗೆಗಳಲ್ಲಿ ಒಂದು ಒಳಗೆ ಗಾಜಿನ ಹಿಂದಿದೆ. ಮರುದಿನ ಬೆಳಗ್ಗೆ ದಡದ ಮರಳಲ್ಲಿ ಒಬ್ಬ ಹುಡುಗನಿಗೆ ಸಿಕ್ಕಿದ್ದಂತೆ. ನಮ್ಮ ಮನೆಯ ಅಕ್ಕಿ ಡಬ್ಬದಷ್ಟೇ ಇದೆ. ಮೊದಲ ದಿನ ನಾವು ಅದನ್ನು ಸುಮ್ನೆ ದಾಟಿ ಹೋಗಿದ್ದೆವು. ಎರಡನೇ ಸಲ ಅಮ್ಮ ಅಲ್ಲಿಂದ ಕದಲಲೇ ಇಲ್ಲ.